ಬೆಳಗಾವಿಯಲ್ಲಿ ಬಾರ್ ಕ್ಲಾಸ್: ಸೇರುವವರಿಗೂ ಕಲಿಸುವವರಿಗೂ ಹಂತ ಹಂತದ ಮಾರ್ಗದರ್ಶಿ

“ನನಗ ಡ್ಯಾನ್ಸ್ ಬರಂಗಿಲ್ರಿ, ನಡೀತದೇನು?” “ಮೊಳಕಾಲ ನೋವ್ ಐತಿ, ಮಾಡಬಹುದಾ?” “ತೂಕ ಇಳೀತೈತೇನ್ರಿ?” “ನಾನ ಕಲಿಸಬೇಕಂದ್ರ ಏನ್ ಮಾಡ್ಬೇಕು?” ಬಾರ್ ಕ್ಲಾಸ್ ಬಗ್ಗೆ ಓದುಗರು ಕೇಳುವುದು ಸುತ್ತಿ ಬಳಸಿ ಈ ನಾಲ್ಕೇ ಪ್ರಶ್ನೆ. ಮೊದಲ ಮೂರಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಡ್ಯಾನ್ಸ್ ಬರಬೇಕಿಲ್ಲ. ಮಂಡಿ ನೋವಿದ್ದರೂ ಎಷ್ಟೋ ಜನರಿಗೆ ಸಾಧ್ಯ, ಆದರೆ ಡಾಕ್ಟರನ್ನು ಕೇಳಿಕೊಂಡು, ಹುಷಾರಾಗಿ. ತೂಕ ಇದೊಂದರಿಂದಲೇ ಇಳಿಯುವುದಿಲ್ಲ. ನಾಲ್ಕನೆಯದಕ್ಕೆ ಈ ಲೇಖನದ ಎರಡನೇ ಭಾಗ ಮೀಸಲು.

ಮೊದಲು, ಇದು ಏನು?

ಬ್ಯಾಲೆ ನೃತ್ಯದವರು ಗೋಡೆಗೆ ಹಾಕಿದ ಉದ್ದನೆಯ ದುಂಡು ಕಟ್ಟಿಗೆ ಹಿಡಿದು ಅಭ್ಯಾಸ ಮಾಡುತ್ತಾರೆ. ಆ ಕಟ್ಟಿಗೆಯೇ ಬಾರ್. ಅದನ್ನು ಹಿಡಿದು ಮಾಡುವ ವ್ಯಾಯಾಮಕ್ಕೂ ಅದೇ ಹೆಸರು. ಶುರು ಮಾಡಿದವರು ಲೋಟೆ ಬರ್ಕ್. 1913ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಹುಟ್ಟಿದ ಯಹೂದಿ ನರ್ತಕಿ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಲಂಡನ್ ಸೇರಿದರು. ಬೆನ್ನಿಗೆ ಪೆಟ್ಟಾದ ಮೇಲೆ, ಬ್ಯಾಲೆಯ ಅಭ್ಯಾಸವನ್ನೂ ಬೆನ್ನು ಸರಿಮಾಡುವ ವ್ಯಾಯಾಮವನ್ನೂ ಕೂಡಿಸಿ 1959ರಲ್ಲಿ ಲಂಡನ್ನಿನಲ್ಲಿ ಸ್ಟುಡಿಯೋ ತೆರೆದರು. ಅವರ ಶಿಷ್ಯೆ ಲಿಡಿಯಾ ಬಾಕ್ 1971ರಲ್ಲಿ ಇದನ್ನು ನ್ಯೂಯಾರ್ಕ್‌ಗೆ ಒಯ್ದರು. ಬೆನ್ನು ನೋವು ಉಂಡವರೇ ಹುಟ್ಟುಹಾಕಿದ ವ್ಯಾಯಾಮ ಇದು. ಹಾಗಾಗಿ ಬೆನ್ನಿಗೇ ಹೊರೆ ಹಾಕುವ ಕ್ಲಾಸ್ ಕಂಡರೆ ಅದು ದಾರಿ ತಪ್ಪಿದೆ ಎಂದೇ ತಿಳಿಯಿರಿ.

ಇದರಲ್ಲಿ ಜಿಗಿತ ಇರುವುದಿಲ್ಲ ಅನ್ನಬಹುದು. ಭಾರವೂ ಕಡಿಮೆ, ಕೈಗೆ ಅರ್ಧ ಕೆಜಿಯಿಂದ ಎರಡು ಕೆಜಿ ಡಂಬೆಲ್ ಅಷ್ಟೇ. ಕೆಲಸ ಆಗುವುದು ಎರಡು ರೀತಿ. ಒಂದು ಹೋಲ್ಡ್: ಸ್ನಾಯು ಬಿಗಿಯಾಗಿರುತ್ತದೆ, ಕೀಲು ಅಲುಗುವುದಿಲ್ಲ, ಹಾಗೇ ನಿಲ್ಲುವುದು. ಇನ್ನೊಂದು ಪಲ್ಸ್: ಅದೇ ಜಾಗದಲ್ಲಿ ಒಂದು ಇಂಚು ಮೇಲೆ, ಒಂದು ಇಂಚು ಕೆಳಗೆ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಮಾಡುವವರ ತೊಡೆ ಮಾತ್ರ ಒಂದು ನಿಮಿಷದೊಳಗೆ ನಡುಗಲು ಶುರುವಾಗುತ್ತದೆ.

ಇಂಥ ಕ್ಲಾಸ್ ಹೆಚ್ಚಾಗಿ ನಡೆಯುವುದು ಬುಟಿಕ್ ಸ್ಟುಡಿಯೋಗಳಲ್ಲಿ. ಬುಟಿಕ್ ಸ್ಟುಡಿಯೋ ಅಂದರೆ ದೊಡ್ಡ ಜಿಮ್ ಅಲ್ಲ. ಒಂದೋ ಎರಡೋ ಬಗೆಯ ಕ್ಲಾಸ್ ಮಾತ್ರ, ಬ್ಯಾಚಿಗೆ ಎಂಟು–ಹನ್ನೆರಡು ಜನ, ಮೊದಲೇ ಜಾಗ ಕಾದಿರಿಸಿ ಬರುವ ಪದ್ಧತಿ. ಫೀ ಜಿಮ್‌ಗಿಂತ ಜಾಸ್ತಿ. ಆ ಜಾಸ್ತಿ ದುಡ್ಡಿಗೆ ನಿಮಗೆ ಸಿಗಬೇಕಾದದ್ದು ಕಲಿಸುವವರ ಕಣ್ಣು. ಅದು ಸಿಗದಿದ್ದರೆ ಕೊಟ್ಟ ದುಡ್ಡು ದಂಡ.

ಭಾಗ ಒಂದು: ಸೇರುವವರಿಗೆ

1. ಮೊದಲು ನಿಮ್ಮ ದೇಹದ ಕಥೆ ಹೇಳಿ

ಬಿಪಿ, ಹೃದಯದ ತೊಂದರೆ, ಬೆನ್ನಿನ ಡಿಸ್ಕ್ ತೊಂದರೆ, ಮಂಡಿ ಸವೆತ, ಇತ್ತೀಚೆಗೆ ಆಪರೇಷನ್, ಬಸಿರು, ಬಾಣಂತನ. ಇವುಗಳಲ್ಲಿ ಯಾವುದಿದ್ದರೂ ಡಾಕ್ಟರನ್ನು ಕೇಳಿ, ಆಮೇಲೆ ಸ್ಟುಡಿಯೋಗೆ ತಿಳಿಸಿ. ಮುಚ್ಚಿಡಬೇಡಿ.

ಬಿಪಿ ಇರುವವರು ಹೋಲ್ಡ್ ಮಾಡುವಾಗ ಉಸಿರು ಕಟ್ಟಬಾರದು. ಬಿಗಿ ಹಿಡಿದು ಉಸಿರು ಕಟ್ಟಿದರೆ ಬಿಪಿ ಆ ಕ್ಷಣಕ್ಕೆ ಏರಿಬಿಡುತ್ತದೆ. ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಎಂದು ಡಾಕ್ಟರ್ ಹೇಳಿದ್ದರೆ ಮಲಗಿ ತಲೆ ಎತ್ತಿ ಬೆನ್ನು ಬಾಗಿಸುವ ಹೊಟ್ಟೆ ವ್ಯಾಯಾಮ ಬಿಡಬೇಕು. ಹೆರಿಗೆಯಾದವರು ಕನಿಷ್ಠ ಆರು ವಾರದ ತಪಾಸಣೆ ಮುಗಿಸಿಯೇ ಬನ್ನಿ. ಸಿಸೇರಿಯನ್ ಆಗಿದ್ದರೆ ಇನ್ನೂ ತಡವಾದರೂ ಪರವಾಗಿಲ್ಲ. ಹೊಟ್ಟೆಯ ನಡುವಿನ ಸ್ನಾಯು ಬಿಟ್ಟುಕೊಂಡಿದೆಯಾ ಎಂದು ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಬಳಿ ನೋಡಿಸಿ. ಬಿಟ್ಟುಕೊಂಡಿದ್ದರೆ ಮಾಮೂಲಿ ಹೊಟ್ಟೆ ವ್ಯಾಯಾಮ ಅದನ್ನು ಹೆಚ್ಚಿಸಬಹುದು.

2. ಒಂದು ಟ್ರಯಲ್ ಕ್ಲಾಸ್ ಮಾಡಿ, ಆಮೇಲೆ ಫೀ ಕಟ್ಟಿ

ಮೂರು ತಿಂಗಳ ಪ್ಯಾಕೇಜ್ ಸೋವಿ ಅಂತ ಮೊದಲ ದಿನವೇ ದುಡ್ಡು ಕಟ್ಟಬೇಡಿ. ಟ್ರಯಲ್‌ನಲ್ಲಿ ಕನ್ನಡಿ, ಲೈಟು, ಹಾಡು ನೋಡಿ ಮರುಳಾಗುವುದು ಸುಲಭ. ನೀವು ನೋಡಬೇಕಾದದ್ದು ಬೇರೆ. ಕಲಿಸುವವರು ತಮ್ಮ ಪಾಡಿಗೆ ತಾವು ಕನ್ನಡಿ ನೋಡುತ್ತಾ ವ್ಯಾಯಾಮ ಮಾಡುತ್ತಿದ್ದಾರೋ, ಅಥವಾ ಜನರ ನಡುವೆ ಓಡಾಡಿ ಒಬ್ಬೊಬ್ಬರ ಪಾದ, ಮಂಡಿ, ಭುಜ ಗಮನಿಸುತ್ತಿದ್ದಾರೋ? ಹೊಸಬರು ಯಾರು ಎಂದು ಕೇಳಿದರಾ? ನೋವು ಎಂದವರಿಗೆ ಬೇರೆ ದಾರಿ ತೋರಿಸಿದರಾ, ಇಲ್ಲಾ “ಆಗುತ್ತೆ, ಮಾಡ್ರಿ” ಎಂದು ದಬಾಯಿಸಿದರಾ?

ಮಳೆಗಾಲದಲ್ಲಿ, ಮಕ್ಕಳ ಪರೀಕ್ಷೆಯ ಹೊತ್ತಿನಲ್ಲಿ ಕ್ಲಾಸ್ ತಪ್ಪಿದರೆ ಆ ದಿನಗಳನ್ನು ಮುಂದಕ್ಕೆ ಹಾಕಿಕೊಡುತ್ತಾರಾ ಅಂತಲೂ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ.

3. ಬಟ್ಟೆ, ಸಾಕ್ಸ್, ಆಭರಣ

ಮಂಡಿ ಮತ್ತು ಕಾಲಿನ ಗಂಟು ಕಾಣುವಂಥ ಲೆಗ್ಗಿಂಗ್ಸ್, ಮೇಲೆ ಟೀ ಶರ್ಟ್ ಅಥವಾ ಚಿಕ್ಕ ಕುರ್ತಾ ಸಾಕು. ಸಡಿಲ ಸಲ್ವಾರ್‌ನಲ್ಲಿ ಮಂಡಿ ಎತ್ತ ತಿರುಗಿದೆ ಎಂದು ಕಲಿಸುವವರಿಗೆ ಕಾಣುವುದಿಲ್ಲ. ಶೂ ಬೇಡ. ಅಡಿಗೆ ರಬ್ಬರ್ ಚುಕ್ಕಿ ಇರುವ ಗ್ರಿಪ್ ಸಾಕ್ಸ್ ಬೇಕು. ಟೈಲ್ಸ್ ಮೇಲೆ ಮಾಮೂಲಿ ಸಾಕ್ಸ್ ಹಾಕಿಕೊಂಡರೆ ಜಾರಿ ಬೀಳುವುದು ಗ್ಯಾರಂಟಿ. ಮಳೆಗಾಲದಲ್ಲಿ ಒಣಗಿದ ಒಂದು ಜೊತೆ ಚೀಲದಲ್ಲಿರಲಿ.

ಉದ್ದ ಮಂಗಳಸೂತ್ರ ಮುಂದಕ್ಕೆ ಬಾಗಿದಾಗ ಮುಖಕ್ಕೆ ಬಡಿಯುತ್ತದೆ, ಎಲಾಸ್ಟಿಕ್ ಬ್ಯಾಂಡಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯೊಳಗೆ ಹಾಕಿ ಪಿನ್ ಮಾಡಿಕೊಳ್ಳಿ. ಗಾಜಿನ ಬಳೆ ಬಾರ್‌ಗೆ ತಾಗಿ ಒಡೆಯುತ್ತದೆ. ಆ ಒಂದು ಗಂಟೆ ತೆಗೆದಿಡುವುದೇ ಒಳ್ಳೆಯದು.

4. ನಿಲ್ಲುವುದನ್ನು ಕಲಿಯಿರಿ

ಬಾರ್ ಕ್ಲಾಸಿನ ಮುಕ್ಕಾಲು ಪಾಲು ಇಲ್ಲೇ ಇದೆ. ಇದನ್ನು ಮನೆಯಲ್ಲಿ ಅಡುಗೆ ಕಟ್ಟೆ ಹಿಡಿದುಕೊಂಡೇ ಪ್ರಯತ್ನಿಸಬಹುದು. ನಿಧಾನವಾಗಿ ಓದಿ.

ದೂರ: ಬಾರ್‌ನಿಂದ ನಿಮ್ಮ ಮೊಣಕೈಯಿಂದ ಬೆರಳ ತುದಿಯಷ್ಟು ದೂರ ನಿಲ್ಲಿ. ಕೈ ಬಾರ್ ಮೇಲೆ ಹಗುರವಾಗಿರಲಿ. ನಿಮ್ಮ ಬೆರಳ ಗೆಣ್ಣು ನೋಡಿಕೊಳ್ಳಿ. ಗೆಣ್ಣು ಬಿಳಿಚಿಕೊಂಡಿದ್ದರೆ ನೀವು ಬಾರ್‌ಗೆ ಜೋತುಬಿದ್ದಿದ್ದೀರಿ, ಕಾಲು ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿದೆ. ಎರಡೇ ಬೆರಳು ಬಾರ್ ಮೇಲಿಟ್ಟು ನಿಲ್ಲಲು ಆಗುತ್ತಾ ನೋಡಿ. ಆದರೆ ಸರಿಯಾಗಿ ನಿಂತಿದ್ದೀರಿ.

ಪಾದ: ಮೂರು ಬಗೆಯ ನಿಲುವು ಗೊತ್ತಿದ್ದರೆ ಸಾಕು. ಪ್ಯಾರಲಲ್ ಅಂದರೆ ಎರಡೂ ಪಾದ ನೇರ ಮುಂದಕ್ಕೆ, ನಡುವೆ ಒಂದು ಮುಷ್ಟಿಯಷ್ಟು ಜಾಗ. ಫಸ್ಟ್ ಪೊಸಿಷನ್ ಅಂದರೆ ಹಿಮ್ಮಡಿ ಕೂಡಿಸಿ ಬೆರಳು ಅಗಲಿಸುವುದು. ಸೆಕೆಂಡ್ ಪೊಸಿಷನ್ ಅಂದರೆ ಹಾಗೇ ಬೆರಳು ಹೊರಗೆ ಮಾಡಿ ಕಾಲು ಭುಜಕ್ಕಿಂತ ಅಗಲ.

ಹೀಗೆ ಹೊರಗೆ ತಿರುಗಿಸುವುದಕ್ಕೆ ಟರ್ನ್ ಔಟ್ ಅನ್ನುತ್ತಾರೆ. ಹೊಸಬರಿಗೆ ಜಾಸ್ತಿ ಪೆಟ್ಟು ಬೀಳುವ ಜಾಗ ಇದು. ತಿರುವು ಬರಬೇಕಾದದ್ದು ತೊಡೆಯ ಬುಡದ ಕೀಲಿನಿಂದ. ಪಾದ ಮಾತ್ರ ಹೊರಗೆ ತಿರುಗಿಸಿ ಮಂಡಿ ಮುಂದಕ್ಕೇ ಉಳಿದರೆ ಮಂಡಿ ತಿರುಚಿಕೊಳ್ಳುತ್ತದೆ. ಬ್ಯಾಲೆಯವರ ಹಾಗೆ ಪಾದ ಒಂದೇ ಗೆರೆಗೆ ಬರಬೇಕಿಲ್ಲ. ಸ್ವಲ್ಪ ಮಂಡಿ ಬಗ್ಗಿಸಿ ಕೆಳಗೆ ನೋಡಿ. ಮಂಡಿ, ಕಾಲಿನ ಎರಡನೇ ಬೆರಳಿನ ಮೇಲೆ ಇದೆಯಾ? ಇಲ್ಲದಿದ್ದರೆ ಪಾದವನ್ನು ಒಳಗೆ ತನ್ನಿ, ಮಂಡಿಯನ್ನು ಹೊರಗೆ ದೂಡಬೇಡಿ.

ಪ್ಲಿಯೇ ಅಂದರೆ ಮಂಡಿ ಬಗ್ಗಿಸಿ ಕೆಳಗಿಳಿಯುವುದು. ರೆಲೆವೇ ಅಂದರೆ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ನಿಲ್ಲುವುದು. ರೆಲೆವೇಯಲ್ಲಿ ಭಾರ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಬುಡದ ಮೇಲಿರಬೇಕು. ದಣಿದಾಗ ಪಾದ ಕಿರುಬೆರಳಿನ ಕಡೆ ಹೊರಳುತ್ತದೆ. ಕಾಲುಗಂಟು ಉಳುಕುವುದು ಹೀಗೇ. ಹೊರಳುತ್ತಿದೆ ಅನ್ನಿಸಿದರೆ ಹಿಮ್ಮಡಿಯನ್ನು ಒಂದಿಂಚು ಇಳಿಸಿ, ಗಟ್ಟಿಯಾಗಿ ನಿಲ್ಲಿ.

ಟೊಂಕ: ಕ್ಲಾಸಿನಲ್ಲಿ ನ್ಯೂಟ್ರಲ್, ಟಕ್ ಎಂಬ ಎರಡು ಮಾತು ಕೇಳುತ್ತೀರಿ. ಟೊಂಕದ ಎಲುಬನ್ನು ನೀರು ತುಂಬಿದ ಬೋಗುಣಿ ಅಂದುಕೊಳ್ಳಿ. ನೀರು ಮುಂದಕ್ಕೂ ಚೆಲ್ಲಬಾರದು, ಹಿಂದಕ್ಕೂ ಚೆಲ್ಲಬಾರದು. ಅದೇ ನ್ಯೂಟ್ರಲ್. ಬಾಲದ ಎಲುಬನ್ನು ಸ್ವಲ್ಪ ಕೆಳಕ್ಕೆ, ಒಳಕ್ಕೆ ಎಳೆದುಕೊಳ್ಳುವುದು ಟಕ್. ಟಕ್ ಎಂದ ಕೂಡಲೇ ಎಷ್ಟೋ ಜನ ಪೃಷ್ಠವನ್ನು ಜೋರಾಗಿ ಮುಂದಕ್ಕೆ ನೂಕಿ, ಭುಜ ಹಿಂದೆ ಹಾಕಿ ನಿಲ್ಲುತ್ತಾರೆ. ಹಾಗೆ ಮಾಡಿದರೆ ಸೊಂಟದ ಕೆಳಭಾಗ ಹಿಡಿದುಕೊಳ್ಳುತ್ತದೆ. ಹೊಕ್ಕುಳ ಕೆಳಗಿನ ಹೊಟ್ಟೆ ಸಣ್ಣಗೆ ಬಿಗಿಯಾದರೆ ಅಷ್ಟೇ ಸಾಕು. ನನ್ನ ಮಟ್ಟಿಗೆ, ಹೊಸಬರು ಮೊದಲ ತಿಂಗಳು ನ್ಯೂಟ್ರಲ್‌ನಲ್ಲೇ ಇರುವುದು ವಾಸಿ.

5. ಕ್ಲಾಸ್ ಯಾವ ಕ್ರಮದಲ್ಲಿ ನಡೆಯುತ್ತದೆ

45ರಿಂದ 60 ನಿಮಿಷ. ಮೈ ಬಿಸಿ ಮಾಡುವುದು, ಡಂಬೆಲ್ ಹಿಡಿದು ಕೈ, ಬಾರ್ ಹಿಡಿದು ತೊಡೆ, ಆಮೇಲೆ ಪೃಷ್ಠ, ಕೆಳಗೆ ಮ್ಯಾಟ್ ಮೇಲೆ ಹೊಟ್ಟೆ, ಕೊನೆಗೆ ಸ್ಟ್ರೆಚ್. ನಡುನಡುವೆ ಸಣ್ಣ ಮೆತ್ತನೆಯ ಚೆಂಡು, ರಬ್ಬರ್ ಬ್ಯಾಂಡ್ ಬರುತ್ತವೆ. ಸ್ಟ್ರೆಚ್ ಬಿಟ್ಟು ಓಡಬೇಡಿ.

6. ನಡುಕ ಯಾವುದು, ನೋವು ಯಾವುದು

ತೊಡೆ ನಡುಗಿದರೆ ಹೆದರಬೇಕಿಲ್ಲ. ಸ್ನಾಯು ದಣಿದಾಗ ಅದರೊಳಗಿನ ಎಳೆಗಳು ಒಂದೇ ಲಯದಲ್ಲಿ ಕೆಲಸ ಮಾಡಲಾರವು, ಅದಕ್ಕೇ ನಡುಕ. ತೊಡೆಯ ನಡುಭಾಗದಲ್ಲಿ, ಪೃಷ್ಠದ ನಡುವೆ ಉರಿ ಬಂದರೆ ಅದು ಕೆಲಸದ ಉರಿ. ಬೇಕಿದ್ದರೆ ನಾಲ್ಕು ಎಣಿಕೆ ಎದ್ದು ನಿಂತು ಮತ್ತೆ ಸೇರಿಕೊಳ್ಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಆದರೆ ಚುಚ್ಚುವ ನೋವು, ಮಂಡಿ ಚಿಪ್ಪಿನ ಹಿಂದಿನ ನೋವು, ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತ, ತಲೆ ಸುತ್ತು, ಎದೆ ಹಿಡಿತ ಬಂದರೆ ಅಲ್ಲೇ ನಿಲ್ಲಿಸಿ. ಎದೆ ಹಿಡಿತವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮಂಡಿ ನೋವಿನವರು ಪ್ಲಿಯೇಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಬೇಡಿ, ಹಿಮ್ಮಡಿ ಎತ್ತಬೇಡಿ, ಭಾರ ಹಿಮ್ಮಡಿ ಕಡೆ ಇರಲಿ. ಆಗಲೂ ನೋವು ಬಂದರೆ ಆ ಸುತ್ತನ್ನೇ ಬಿಟ್ಟು ಮ್ಯಾಟ್ ಮೇಲೆ ಬ್ರಿಡ್ಜ್ ಮಾಡಿ. ಅಂದರೆ ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಟೊಂಕ ಎತ್ತುವುದು.

ಮಾರನೇ ದಿನ, ಮೂರನೇ ದಿನ ಮೈಕೈ ನೋವು ಸಹಜ. ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಆದರೆ ಸ್ನಾಯು ಊದಿಕೊಂಡು, ತಡೆಯಲಾರದ ನೋವಿನ ಜೊತೆಗೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಡಾಕ್ಟರನ್ನು ಕಾಣಿ. ಇದು ಅಪರೂಪ, ಆದರೆ ಮೊದಲ ದಿನವೇ ಮಿತಿಮೀರಿ ಮಾಡಿದವರಿಗೆ ಆಗಬಹುದು.

7. ವಾರಕ್ಕೆ ಎಷ್ಟು, ಊಟ ಏನು, ಫಲ ಏನು

ವಾರಕ್ಕೆ ಎರಡು ದಿನದಿಂದ ಶುರು ಮಾಡಿ, ಆಮೇಲೆ ಮೂರು. ನಡುವೆ ಒಂದು ದಿನ ಬಿಡುವಿರಲಿ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಸ್ವಲ್ಪ ಏರುವಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾರ್ ಕ್ಲಾಸ್ ಎರಡನೆಯದಕ್ಕೆ ಚೆನ್ನಾಗಿ ಒದಗುತ್ತದೆ. ಮೊದಲನೆಯದಕ್ಕೆ ವ್ಯಾಕ್ಸಿನ್ ಡಿಪೋ ಮೈದಾನದ ಕಡೆಗೋ ಕೋಟೆ ಕೆರೆಯ ಸುತ್ತಲೋ ಅರ್ಧ ಗಂಟೆ ಬಿರುಸು ನಡಿಗೆ, ವಾರಕ್ಕೆ ಐದು ದಿನ. ಎರಡೂ ಬೇಕು.

“ಸ್ನಾಯು ಉದ್ದ ಆಗುತ್ತೆ”, “ಹೊಟ್ಟೆಯ ಬೊಜ್ಜು ಮಾತ್ರ ಕರಗುತ್ತೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ನಾಯುವಿನ ಉದ್ದ ಎಲುಬಿಗೆ ಅಂಟಿದ ಜಾಗದಿಂದ ತೀರ್ಮಾನವಾಗಿರುತ್ತದೆ. ಒಂದು ಜಾಗದ ಬೊಜ್ಜನ್ನೇ ಆರಿಸಿ ಕರಗಿಸುವುದು ಯಾವ ವ್ಯಾಯಾಮದಿಂದಲೂ ಆಗದು. ನಿಜವಾಗಿ ಸಿಗುವುದು ನಿಲುವು, ಸಮತೋಲ, ತೊಡೆ–ಟೊಂಕದ ಬಲ. ನೆಲದ ಮೇಲೆ ಕೂತವರು ಕೈ ಊರದೆ ಏಳುವುದು, ಸಿಲಿಂಡರ್ ಸರಿಸಿದರೂ ಸೊಂಟ ಹಿಡಿಯದಿರುವುದು. ಇವು ದೊಡ್ಡ ಲಾಭ ಅಲ್ವಾ?

ಕ್ಲಾಸಿಗೆ ಮುಂಚೆ ಎರಡು ಗಂಟೆ ಹೊಟ್ಟೆತುಂಬ ಊಟ ಬೇಡ. ಬೆಳಗಿನ ಬ್ಯಾಚಿನವರಿಗೆ ಒಂದು ಬಾಳೆಹಣ್ಣು ಸಾಕು. ಮುಗಿದ ಮೇಲೆ ರೊಟ್ಟಿ ಜೊತೆ ಮಡಕಿ ಕಾಳೋ ಹೆಸರು ಕಾಳೋ, ಶೇಂಗಾ ಹಿಂಡಿ, ಮೊಸರು, ಒಲ್ಲೆ ಅನ್ನದವರಿಗೆ ಮೊಟ್ಟೆ. ನಮ್ಮ ಊಟದಲ್ಲೇ ಬೇಕಾದಷ್ಟು ಪ್ರೋಟೀನ್ ಹೊಂದಿಸಬಹುದು. ಪೌಡರ್ ಡಬ್ಬಿಗೆ ಓಡಬೇಕಿಲ್ಲ.

ಭಾಗ ಎರಡು: ಕಲಿಸುವವರಿಗೆ

8. ಮೊದಲು ಕಲಿಯಿರಿ, ಆಮೇಲೆ ಸರ್ಟಿಫಿಕೇಟ್

ಕನಿಷ್ಠ ಆರು ತಿಂಗಳು ನೀವೇ ವಿದ್ಯಾರ್ಥಿಯಾಗಿ ಮಾಡಿ. ಯಾವ ಎಣಿಕೆಗೆ ತೊಡೆ ಸೋಲುತ್ತದೆ, ಯಾವಾಗ ಭುಜ ಕಿವಿಗೆ ಏರುತ್ತದೆ ಎಂಬುದು ಮೈಯಲ್ಲಿ ಇಳಿದಿರಬೇಕು. ಓದಿ ಬರುವುದಲ್ಲ ಇದು.

ಆಮೇಲೆ ಎರಡು ಬಗೆಯ ಓದು. ಒಂದು, ಗುಂಪು ವ್ಯಾಯಾಮ ಕಲಿಸುವ ಸಾಮಾನ್ಯ ತರಬೇತಿ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಸ್, ಅಂದರೆ ಎಸಿಇಯ ಗ್ರೂಪ್ ಫಿಟ್‌ನೆಸ್ ಪರೀಕ್ಷೆ ಇಂಥದ್ದು. ಅದಕ್ಕೆ 18 ವರ್ಷ ತುಂಬಿರಬೇಕು. ಎರಡು, ಬಾರ್‌ಗೇ ಮೀಸಲಾದ ತರಬೇತಿ. ಬ್ಯಾಲೆನ್ಸ್ಡ್ ಬಾಡಿ, ಬಾರ್ ಅಬವ್, ಇಂಟರ್‌ನ್ಯಾಷನಲ್ ಬ್ಯಾಲೆ ಬಾರ್ ಫಿಟ್‌ನೆಸ್ ಅಸೋಸಿಯೇಷನ್ ಇಂಥವು ನಡೆಸುತ್ತವೆ. ಫೀ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾನು ಕಲಿಸುವುದನ್ನು ಯಾರಾದರೂ ನೋಡಿ ತಿದ್ದುತ್ತಾರಾ? ಸುಮ್ನೆ ವಿಡಿಯೋ ನೋಡಿ ಉತ್ತರಕ್ಕೆ ಟಿಕ್ ಹಾಕಿ ಬರುವ ಸರ್ಟಿಫಿಕೇಟ್ ಗೋಡೆಗೆ ಚಂದ, ಕ್ಲಾಸಿಗೆ ಸಾಲದು.

ಸಿಪಿಆರ್ ಕಲಿಯದೆ ಕ್ಲಾಸ್ ತಗೊಳ್ಳಬೇಡಿ. ಹೃದಯ ನಿಂತಾಗ ಎದೆ ಒತ್ತಿ ರಕ್ತ ಓಡಿಸುವ ತುರ್ತು ವಿಧಾನ ಅದು.

9. ಹಾಡನ್ನು ಎಣಿಸಿ

ಬಾರ್ ಕ್ಲಾಸ್ ಕಟ್ಟುವುದು ಎಂಟರ ಲೆಕ್ಕದಲ್ಲಿ. ಎಂಟು ಎಣಿಕೆ ನಾಲ್ಕು ಸಲ ಆದರೆ 32. ಈ 32ಕ್ಕೆ ಒಂದು ಫ್ರೇಸ್ ಅನ್ನುತ್ತಾರೆ. ಹಾಡಿನ ವೇಗವನ್ನು ನಿಮಿಷಕ್ಕೆ ಎಷ್ಟು ಬೀಟ್ ಎಂದು ಅಳೆಯುತ್ತಾರೆ, ಅದು ಬಿಪಿಎಂ. ತೊಡೆಯ ಸುತ್ತಿಗೆ 120ರಿಂದ 130 ಬಿಪಿಎಂ ಚೆನ್ನಾಗಿ ಹೊಂದುತ್ತದೆ.

128 ಬಿಪಿಎಂ ಹಾಡು ತಗೊಂಡರೆ ಒಂದು ಫ್ರೇಸ್‌ಗೆ ಸರಿಯಾಗಿ 15 ಸೆಕೆಂಡ್. ನಾಲ್ಕು ಫ್ರೇಸ್‌ಗೆ ಒಂದು ನಿಮಿಷ. ಈ ಒಂದು ನಿಮಿಷವನ್ನು ಹೀಗೆ ಕಟ್ಟಿ. ಮೊದಲ ಫ್ರೇಸ್: ಎರಡು ಎಣಿಕೆ ಕೆಳಗೆ, ಎರಡು ಎಣಿಕೆ ಮೇಲೆ, ಒಟ್ಟು ಎಂಟು ಸಲ. ಎರಡನೆಯದು: ಒಂದು ಕೆಳಗೆ, ಒಂದು ಮೇಲೆ, 16 ಸಲ. ಮೂರನೆಯದು: ಕೆಳಗೇ ಉಳಿದು 32 ಪಲ್ಸ್. ನಾಲ್ಕನೆಯದು: ಅಲುಗದೆ ಹೋಲ್ಡ್. ಹೊಸ ಬ್ಯಾಚಿಗೆ ಇಂಥ ಒಂದು ನಿಮಿಷ, ನಡುವೆ ವಿರಾಮ, ಮತ್ತೊಂದು ನಿಮಿಷ. ಹಳಬರಿಗೆ ನಾಲ್ಕೈದು ನಿಮಿಷ ಎಡೆಬಿಡದೆ.

ಪಾಶ್ಚಾತ್ಯ ಹಾಡೇ ಬೇಕೆಂದಿಲ್ಲ. ಸಿನಿಮಾ ಹಾಡಿನ ರೀಮಿಕ್ಸ್, ಡೊಳ್ಳಿನ ಬಡಿತ ಯಾವುದಾದರೂ ಸರಿ, ಎಂಟರ ಲೆಕ್ಕ ತಪ್ಪದಿದ್ದರೆ ಆಯಿತು. ಹಾಡಿನ ನಡುವೆ ಬೀಟ್ ನಿಲ್ಲುವ ಭಾಗ ಇದೆಯಾ ಎಂದು ಮೊದಲೇ ಪೂರ್ತಿ ಕೇಳಿಕೊಳ್ಳಿ. ಇದ್ದರೆ ಅಲ್ಲಿ ಇಡೀ ಕ್ಲಾಸ್ ದಿಕ್ಕು ತಪ್ಪುತ್ತದೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. “ಕೊನೇ ಎಂಟು” ಎಂದರೆ ಎಂಟಕ್ಕೇ ನಿಲ್ಲಿಸಿ. “ಇನ್ನೊಂದು ಎಂಟು” ಎಂದು ಎಳೆಯಬೇಡಿ. ನಡುಗುವ ಕಾಲಲ್ಲಿ ನಿಂತವರು ನಿಮ್ಮ ಮಾತು ನಂಬಿ ಉಳಿದ ಶಕ್ತಿಯನ್ನೆಲ್ಲ ಆ ಎಂಟಕ್ಕೆ ಹಾಕಿರುತ್ತಾರೆ. ಆಮೇಲೆ ಎಳೆದರೆ ನಿಲುವು ಕೆಡುತ್ತದೆ, ಮುಂದಿನ ಸಲ ಅವರು ಶಕ್ತಿ ಉಳಿಸಿಕೊಂಡೇ ಮಾಡುತ್ತಾರೆ.

10. ಮಾತು: ಯಾವ ಅಂಗ, ಎತ್ತ, ಯಾವಾಗ

ಬಾಯಲ್ಲಿ ಕೊಡುವ ಸೂಚನೆಗೆ ಕ್ಯೂ ಅನ್ನುತ್ತಾರೆ. ಒಳ್ಳೆಯ ಕ್ಯೂನಲ್ಲಿ ಮೊದಲು ಅಂಗ, ಆಮೇಲೆ ದಿಕ್ಕು, ಆಮೇಲೆ ಎಣಿಕೆ. ಬದಲಾವಣೆ ಬರುವ ನಾಲ್ಕು ಎಣಿಕೆ ಮುಂಚೆಯೇ ಹೇಳಿ ಮುಗಿಸಬೇಕು. ಬದಲಾದ ಮೇಲೆ ಹೇಳಿದರೆ ಅರ್ಧ ಜನ ಹಿಂದುಳಿಯುತ್ತಾರೆ.

ಪುಸ್ತಕದ ಇಂಗ್ಲಿಷ್ ಕ್ಯೂಗಳನ್ನು ಗಿಳಿಪಾಠ ಒಪ್ಪಿಸಬೇಡಿ. ಜನ ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಿ, ದೇಹ ಬೇಗ ಕೇಳುತ್ತದೆ. ನಮ್ಮ ಕಡೆ ಹೀಗೆ ನಡೆಯುತ್ತದೆ:

“ಅಕ್ಕಾರ, ಹಿಮ್ಮಡ ಎತ್ರಿ. ಮೊಳಕಾಲ ಸ್ವಲ್ಪ ಮಡಚ್ರಿ. ಬೆನ್ನ ನೆಟ್ಟಗ. ಉಸುರು ಬಿಡ್ರಿ... ಇನ್ನ ನಾಕ ಅದಾವ. ವೈನಿ, ಭುಜ ಕೆಳಗ ಬಿಡ್ರಿ, ಕಿವೀಗೆ ಹತ್ಯಾವ.”

ಬೆಳಗಾವಿಯ ಬ್ಯಾಚಿನಲ್ಲಿ ಮರಾಠಿ ಮನೆಮಾತಿನವರು ಇದ್ದೇ ಇರುತ್ತಾರೆ. “ಟಾಚ್ ಉಚಲಾ” (ಹಿಮ್ಮಡಿ ಎತ್ತಿ), “ಶ್ವಾಸ ಸೋಡಾ” (ಉಸಿರು ಬಿಡಿ) ಎಂಬಂಥ ಎಂಟ್ಹತ್ತು ಮಾತು ನಾಲಿಗೆ ತುದಿಯಲ್ಲಿರಲಿ. ಕಾಕು, ಅಂದರೆ ಚಿಕ್ಕಮ್ಮ, ಅಂತ ಕರೆದು ಮೆಲ್ಲಗೆ ಹೇಳಿದರೆ ಅರವತ್ತರ ಹೆಂಗಸೂ ನಗುತ್ತಾ ತಿದ್ದಿಕೊಳ್ಳುತ್ತಾರೆ. ಆದರೆ ವಯಸ್ಸು ಅಂದಾಜು ಮಾಡಿ ಎಲ್ಲರಿಗೂ ಕಾಕು ಅನ್ನಬೇಡಿ. ಹೇಗೆ ಕರೆಯಲಿ ಎಂದು ಮೊದಲ ದಿನವೇ ಕೇಳಿಬಿಡಿ.

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಪಾದ, ಮಂಡಿ, ಹೊಟ್ಟೆ, ಭುಜ, ಗದ್ದ ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿದರೆ ಯಾವುದೂ ಆಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ನೋಡಿ. ಪಾದ ಸರಿಯಾದರೆ ಮಂಡಿ ಬಹುಪಾಲು ತಾನಾಗೇ ಸರಿಯಾಗುತ್ತದೆ. ಯಾರ ಕಡೆ ನೋಡಿ ಹೇಳುತ್ತಿದ್ದೀರಿ ಎಂಬುದೂ ಮುಖ್ಯ. ತಪ್ಪನ್ನು ಇಡೀ ಕ್ಲಾಸಿಗೆ ಹೇಳಿ, ಸರಿಯಾದದ್ದನ್ನು ಹೆಸರು ಹಿಡಿದು ಹೇಳಿ.

ಮುಟ್ಟಿ ತಿದ್ದುವ ಮೊದಲು ಪ್ರತಿ ಸಲವೂ ಕೇಳಿ. “ಬೆನ್ನಿಗೆ ಕೈ ಹಚ್ಚಲೇನ್ರಿ?” ಬೇಡ ಎಂದರೆ ಪಕ್ಕದಲ್ಲಿ ನಿಂತು ನಿಮ್ಮ ಮೈಮೇಲೇ ತೋರಿಸಿ.

11. ಪ್ರತಿ ವ್ಯಾಯಾಮಕ್ಕೂ ಎರಡು ದಾರಿ

ಪಾಠ ಬರೆದುಕೊಳ್ಳುವಾಗಲೇ ಪ್ರತಿ ಸಾಲಿನ ಎದುರು ಸುಲಭದ ದಾರಿಯನ್ನೂ ಬರೆಯಿರಿ. ರೆಲೆವೇ ಆಗದವರಿಗೆ ಪಾದ ನೆಲಕ್ಕೆ. ಮಣಿಕಟ್ಟು ನೋವಿನವರಿಗೆ ಪ್ಲ್ಯಾಂಕ್ (ಬೋರಲಾಗಿ, ಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೆಟ್ಟಗೆ ಎತ್ತಿ ಹಿಡಿಯುವುದು) ಮೊಣಕೈ ಮೇಲೆ. ಬಸುರಿಯರಿಗೆ ಮೊದಲ ಮೂರು ತಿಂಗಳಾದ ಮೇಲೆ ಬೆನ್ನ ಮೇಲೆ ಬಹಳ ಹೊತ್ತು ಮಲಗಿಸುವುದು ಬೇಡ, ಪಕ್ಕಕ್ಕೆ ಮಲಗಿ ಅಥವಾ ನಿಂತು ಮಾಡಿಸಿ. ಸುಲಭದ ದಾರಿಯನ್ನೇ ಮೊದಲು ತೋರಿಸಿ, ಆಮೇಲೆ ಕಠಿಣದ್ದು. ಉಲ್ಟಾ ಮಾಡಿದರೆ ಯಾರೂ ಸುಲಭಕ್ಕೆ ಇಳಿಯುವುದಿಲ್ಲ, ಮಾನದ ಪ್ರಶ್ನೆ ಆಗುತ್ತದೆ.

12. ಕೋಣೆ ಮತ್ತು ಬಾರ್

ಒಬ್ಬರಿಗೆ ಬಾರ್ ಮೇಲೆ ನಾಲ್ಕು ಅಡಿ ಜಾಗ ಲೆಕ್ಕ ಹಾಕಿ. 20 ಅಡಿ ಅಗಲ, 25 ಅಡಿ ಉದ್ದದ ಕೋಣೆಯಲ್ಲಿ ಎರಡು ಉದ್ದ ಗೋಡೆಗೆ ಬಾರ್ ಹಾಕಿದರೆ ಗೋಡೆಗೆ ಆರು ಜನ, ಒಟ್ಟು 12. ಅದಕ್ಕಿಂತ ಜಾಸ್ತಿ ತುಂಬಿಸಿದರೆ ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಗೆ.

ಬಾರ್ ತರಿಸಲು ದೂರ ಹೋಗಬೇಕಿಲ್ಲ. ಉದ್ಯಮಬಾಗದ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಕಬ್ಬಿಣದ ಬ್ರಾಕೆಟ್ ಮಾಡಿಸಬಹುದು, ದುಂಡು ಕಟ್ಟಿಗೆಯನ್ನು ಬಡಿಗರ ಬಳಿ ತಿರುವಿಸಬಹುದು. ಅಳತೆ ಬರೆದುಕೊಡಿ: ಕಟ್ಟಿಗೆಯ ದಪ್ಪ ಒಂದೂವರೆಯಿಂದ ಎರಡು ಇಂಚು, ನೆಲದಿಂದ ಎತ್ತರ 38ರಿಂದ 42 ಇಂಚು, ಗೋಡೆಯಿಂದ ಕನಿಷ್ಠ ಆರು ಇಂಚು ಹೊರಗೆ, ನಾಲ್ಕು ಅಡಿಗೆ ಒಂದು ಬ್ರಾಕೆಟ್. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೇ ಬೋಲ್ಟ್ ಹಾಕಿಸಿ. ಜಿಪ್ಸಮ್ ಪಾರ್ಟಿಷನ್ ಗೋಡೆಗೆ ಯಾವ ಕಾರಣಕ್ಕೂ ಬೇಡ, ಎರಡು ಜನ ಜೋತರೆ ಕಿತ್ತು ಬರುತ್ತದೆ. ಕ್ಲಾಸ್ ಶುರುಮಾಡುವ ಮೊದಲು ನೀವೇ ಪೂರ್ತಿ ಭಾರ ಬಿಟ್ಟು ಎಳೆದು ನೋಡಿ. ಪ್ರತಿ ತಿಂಗಳು ಬೋಲ್ಟ್ ಬಿಗಿ ಮಾಡಿಸಿ.

ನಯವಾದ ಟೈಲ್ಸ್ ಮೇಲೆ ನೇರವಾಗಿ ಕಲಿಸಬೇಡಿ. ರಬ್ಬರ್ ಅಥವಾ ವಿನೈಲ್ ಹಾಸು ಹಾಕಿಸಿ. ಮಳೆಗಾಲದ ತೇವಕ್ಕೆ ಮ್ಯಾಟ್, ಚೆಂಡು, ಬ್ಯಾಂಡ್ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಒರೆಸಿ, ಫ್ಯಾನಿನಡಿ ಒಣಗಿಸಿ ಎತ್ತಿಡಿ. ಬಾಗಿಲ ಹತ್ತಿರ ಛತ್ರಿ, ಒದ್ದೆ ಚಪ್ಪಲಿಗೆ ಜಾಗ ಬೇಕು. ಬಟ್ಟೆ ಬದಲಿಸುವ ಕೋಣೆ ಇಲ್ಲದಿದ್ದರೆ ಸೀರೆ ಉಟ್ಟು ಬರುವವರು ಎರಡನೇ ದಿನ ಬರುವುದಿಲ್ಲ. ಕರೆಂಟ್ ಹೋದಾಗ ಲೈಟು, ಫ್ಯಾನ್, ಸ್ಪೀಕರ್ ನಡೆಯುವಂತೆ ಇನ್ವರ್ಟರ್ ಇರಲಿ.

13. ಕಾಗದಪತ್ರ

ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಫೀ ತಗೊಂಡು ನಡೆಸುವ ಕ್ಲಾಸಿನಲ್ಲಿ ರೆಕಾರ್ಡ್ ಆದ ಹಾಡು ಹಾಕಲು ಹಕ್ಕುದಾರರ ಲೈಸೆನ್ಸ್ ಬೇಕು. ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳು ಇದನ್ನು ಕೊಡುತ್ತವೆ. ನಿಮ್ಮ ಫೋನಿನ ಹಾಡಿನ ಆ್ಯಪ್‌ಗೆ ತಿಂಗಳ ದುಡ್ಡು ಕಟ್ಟಿದ್ದೀರಿ ಅಂದ ಮಾತ್ರಕ್ಕೆ ಈ ಹಕ್ಕು ಬರುವುದಿಲ್ಲ. ಸೇರುವವರ ಆರೋಗ್ಯದ ವಿವರ, ತುರ್ತಿಗೆ ಮನೆಯವರ ನಂಬರ್ ಇರುವ ಒಂದು ಪುಟದ ಫಾರ್ಮ್ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಅದನ್ನು ಬೀಗ ಇರುವ ಕಪಾಟಿನಲ್ಲಿಡಿ.

14. ಮೊದಲ ಬ್ಯಾಚ್

ಆರೇ ಜನರಿಂದ ಶುರು ಮಾಡಿ. ಮಕ್ಕಳು ಶಾಲೆಗೆ ಹೋದ ಮೇಲೆ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಒಂದು ಬ್ಯಾಚ್, ಕೆಲಸಕ್ಕೆ ಹೋಗುವವರಿಗೆ ಬೆಳಿಗ್ಗೆ ಆರಕ್ಕೆ ಇನ್ನೊಂದು. ಮೊದಲ ಎರಡು ವಾರ ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡಿಸಿ. ಬೇಜಾರಾಗುತ್ತದೆ ಎಂಬ ಭಯ ಬೇಡ, ಮೂರನೇ ಸಲಕ್ಕೆ ಜನ ತಾವೇ ಪಾದ ಸರಿಮಾಡಿಕೊಳ್ಳುತ್ತಾರೆ.

ಕ್ಲಾಸ್ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳಿ: “ಎಲ್ಲಿ ಹಿಡದಂಗ ಆತ್ರಿ?” ತೊಡೆ, ಪೃಷ್ಠ, ಹೊಟ್ಟೆ ಎಂದರೆ ಸರಿ. ಮಂಡಿ, ಸೊಂಟ, ಕುತ್ತಿಗೆ ಎಂದರೆ ಹೆಸರು ಬರೆದಿಟ್ಟುಕೊಂಡು, ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಬರಲು ಹೇಳಿ. ಆ ಹತ್ತು ನಿಮಿಷದಲ್ಲಿ ಹಾಡು ಹಾಕದೆ, ಎಣಿಸದೆ, ನಾಲ್ಕನೇ ಹಂತದ ನಿಲುವನ್ನು ಅವರೊಬ್ಬರಿಗೇ ಮೊದಲಿನಿಂದ ತೋರಿಸಿ.